ಹಿಂದುಮುಂದಾದ ತೋಳು

"ಹರಿದುಬಿಡಿ ರೀ. ಬೆನ್ನ ಕಡೆ ಹರಿದು ಮುಂದಿನಿಂದ ತೊಡಿಸಿದರಾಯ್ತು. ಮಲಗಿದವರನ್ನ ಯಾರು ಮಗುಚಿ ನೋಡ್ತಾರೆ?" ಅಂದಳು ಹೆಂಡತಿ.

"ನಾನು ನೋಡ್ತೀನಲ್ಲ," ಅಂದ ದರ್ಜಿ, ಬ್ಲೇಡನ್ನು ಇನ್ನೊಂದು ಹೊಲಿಗೆಯ ಕೆಳಗೆ ತೂರಿಸಿದ.

ಅಕ್ಕನ ಬೂದುಬಣ್ಣದ ಅಂಗಿ ಅವನ ತೊಡೆಯ ಮೇಲಿತ್ತು, ಅಕ್ಕ ಮಂಚದ ಮೇಲಿದ್ದಳು. ಆಸ್ಪತ್ರೆಯವರು ಬೆಳಿಗ್ಗೆ ಅವಳನ್ನು ತಂದಿಳಿಸುವ ಹೊತ್ತಿಗೆ ಮೈ ಸೆಟೆದುಹೋಗಿತ್ತು. ಎಡಗೈ ಹೇಗೋ ತೋಳಿನೊಳಗೆ ಹೋಯಿತು. ಬಲಗೈ ಮಾತ್ರ ಜಪ್ಪಯ್ಯ ಅಂದರೂ ಮಣಿಯಲಿಲ್ಲ. ಬದುಕಿದ್ದಾಗಲೂ ಅಷ್ಟೇ, ಅವಳು ಬೇಡ ಅಂದದ್ದನ್ನು ಅವಳಿಂದ ಮಾಡಿಸುವ ಗಂಡಸು ಹುಟ್ಟಿರಲಿಲ್ಲ. ಹಾಗಾಗಿ ಅಂಗಿ ಹೊಲಿದವನೇ ಈಗ ಅದರ ಬಲತೋಳನ್ನು ಹೆಗಲಿನಿಂದ ಬಿಚ್ಚುತ್ತ ಕೂತಿದ್ದ. ತೋಳನ್ನು ಬೇರೆಯಾಗಿ ಕೈಗೇರಿಸಿ, ಆಮೇಲೆ ಅಲ್ಲೇ ಅವಳ ಮೈಮೇಲೇ ಕೈಹೊಲಿಗೆ ಹಾಕಿ ಕೂಡಿಸಬೇಕು.

"ಹೆಣದ ಸಿಂಗಾರ ಅಂತ ಆಡಿಕೊಳ್ತಾರೆ ಜನ."

"ಆಡಿಕೊಳ್ಳಲಿ."

ಹೆಂಡತಿ ಬಾಗಿಲ ಕಡೆ ಒಮ್ಮೆ ನೋಡಿ, ಮಂಚದ ತುದಿಗೆ ಬಂದು ಕೂತಳು. ಅವಳ ದನಿ ಇಳಿಯಿತು. "ಅದೊಂದು ಮಾತು ಇವತ್ತು ಎತ್ತಲ್ಲ ತಾನೆ?"

ಅವನು ಸೂಜಿಗೆ ದಾರ ಪೋಣಿಸಿದ.

"ನಿಮ್ಮನ್ನೇ ಕೇಳ್ತಿರೋದು. ಸ್ಮಶಾನದಲ್ಲಿ ಎಲ್ಲರ ಮುಂದೆ ಬಾಯಿ ಬಿಡಲ್ಲ ತಾನೆ?"

"ಮಾತು ಕೊಟ್ಟಿದೀನಿ."

"ಸತ್ತವರಿಗೆ."

"ಕೊಟ್ಟಾಗ ಬದುಕಿದ್ಲು."

"ಬರೋ ವಾರ ಬೇಕರಿಯವನು ಮನೆ ನೋಡಿ ಮುಗಿಸ್ತೀನಿ ಅಂದಿದಾನೆ. ಅವನು ಕೊಂಡುಕೊಳ್ಳಲಿ. ನಾವು ಗಂಟುಮೂಟೆ ಕಟ್ಟಿಕೊಂಡು ಹೊರಡೋಣ. ಆಮೇಲೆ ನೀವು ತಮಟೆ ಹೊಡೆದುಕೊಂಡು ಬೇಕಾದ್ರೂ ಹೇಳಿ, ನಾನು ಬೇಡ ಅನ್ನಲ್ಲ."

"ಬೇಕರಿಯವನು ಮನುಷ್ಯ ಅಲ್ವೇನೆ? ಅವನಿಗೂ ಮಕ್ಕಳಿವೆ."

"ನಮಗೂ ಇದಾಳೆ ಒಬ್ಬಳು ಮಗಳು, ಚೊಚ್ಚಲ ಬಾಣಂತನಕ್ಕೆ ಇದೇ ಮನೆಗೆ ಬರೋಳು," ಅಂದಳು ಹೆಂಡತಿ. ಹೇಳುತ್ತಲೇ ಅಳು ಬಂತು. ಆ ಅಳು ಅತ್ತಿಗೆಗೋ ಮಗಳಿಗೋ ಅವಳಿಗೇ ಗೊತ್ತಾಗಲಿಲ್ಲ.

ಅವನು ತೋಳನ್ನು ಅಕ್ಕನ ಕೈಗೇರಿಸಿ, ಹೆಗಲಿನ ಗುರುತಿಗೆ ಗುರುತು ಸೇರಿಸಿದ. ಮುಂದು ಮುಂದಕ್ಕೆ, ಹಿಂದು ಹಿಂದಕ್ಕೆ. ಸೂಜಿ ಚುಚ್ಚುವಾಗೆಲ್ಲ ಅವಳ ಚರ್ಮಕ್ಕೆ ತಾಗದಂತೆ ತನ್ನ ಬೆರಳನ್ನು ಅಡ್ಡ ಇಡುತ್ತಿದ್ದ.

*

ಅಕ್ಕನ ಕೆಲಸ ಏನೆಂದು ಮನೆಯಲ್ಲಿ ಬಹಳ ಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಭೂಮಿ ಸರ್ವೆ ಮಾಡುವ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಲೆ ಎಳೆಯುತ್ತಾಳೆ, ಅಷ್ಟೇ. ಮದುವೆಗೆ ನೋಡಲು ಬಂದವರಿಗೆ ಅವಳಪ್ಪ ಅದನ್ನೇ ಹೇಳಿ, ಅವರು "ಸಮುದ್ರದ ಇಲಾಖೆಯಾ?" ಅಂತ ಕೇಳಿ, ಸಂಬಂಧ ಅಲ್ಲಿಗೇ ಮುಗಿದದ್ದುಂಟು.

ಒಂದು ಭಾನುವಾರ ಅವಳು ಉದ್ದನೆಯ ಕಾಗದದ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ತಮ್ಮನ ಅಂಗಡಿಗೆ ಬಂದಳು. ಬಟ್ಟೆ ಕತ್ತರಿಸುವ ಮೇಜಿನಷ್ಟು ಉದ್ದದ ಜಾಗ ಬೇರೆಲ್ಲೂ ಇರಲಿಲ್ಲ. ಹರವಿದಳು. ಕಂದು, ಹಳದಿ, ಬೂದು ಪಟ್ಟೆಗಳು, ಎಲ್ಲವೂ ಏರಿ ಇಳಿದು ಅಲೆಅಲೆಯಾಗಿ.

"ಇದೇನಕ್ಕಾ, ಪರದೆ ಬಟ್ಟೆಯ ಡಿಸೈನಾ?"

"ಭೂಮಿ ಕಣೋ. ಮೇಲಿನ ಬೀದಿಯ ಗುಡ್ಡ. ಅಲ್ಲಿ ಕೊಳವೆಬಾವಿ ಥರ ಸಣ್ಣ ತೂತು ಕೊರೆದು ಒಳಗೆ ಕ್ಯಾಮೆರಾ ಇಳಿಸ್ತೀವಿ. ಅದು ಸುತ್ತಲಿನ ಗೋಡೆಯ ಚಿತ್ರ ತೆಗೀತಾ ಇಳಿಯುತ್ತೆ. ದುಂಡಗಿರೋ ಆ ಚಿತ್ರವನ್ನ ಉತ್ತರ ದಿಕ್ಕಿಗೆ ಸರಿಯಾಗಿ ಉದ್ದಕ್ಕೆ ಸೀಳಿ, ಹೀಗೆ ಚಪ್ಪಟೆಯಾಗಿ ಹಾಸೋದು."

"ಅಲೆ ಯಾಕೆ ಮತ್ತೆ?"

"ಪದರ ಓರೆಯಾಗಿದೆ, ಅದಕ್ಕೆ."

ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಿಂದಿನ ಗೂಡಿನಿಂದ ಯಾರದೋ ಅಂಗಿಗೆ ಕತ್ತರಿಸಿಟ್ಟಿದ್ದ ತೋಳಿನ ಬಟ್ಟೆಯನ್ನು ತಂದು ಕಾಗದದ ಮೇಲಿಟ್ಟ. ತೋಳಿನ ಮೇಲಂಚು ಗುಡ್ಡದ ಹಾಗೆ ಏರಿ ಇಳಿದಿತ್ತು. ಅದನ್ನೇ ಸುತ್ತಿ ಕೊಳವೆ ಮಾಡಿ ಹಿಡಿದರೆ ಅಂಚು ಓರೆಯಾಗಿ ಕೂತಿತು. "ಅಕ್ಕಾ, ಇದು ತೋಳು! ಹಾಸಿದರೆ ಅಲೆ, ಸುತ್ತಿದರೆ ಓರೆ."

ಅಕ್ಕ ಮೇಜು ಬಡಿದು ನಕ್ಕಳು. "ಸದ್ಯ, ಈ ವಂಶದಲ್ಲಿ ಒಬ್ಬನಿಗಾದ್ರೂ ನನ್ನ ಕೆಲಸ ಅರ್ಥ ಆಯ್ತಲ್ಲೋ!"

ಅವತ್ತು ಅವಳಿಗೆ ಮಾತಿನ ಹುಚ್ಚು ಹಿಡಿದಿತ್ತು. ಮೇಲಿನ ಬೀದಿ ಇರುವ ಜಾಗದಲ್ಲಿ ಒಂದಾನೊಂದು ಕಾಲದಲ್ಲಿ ದೊಡ್ಡ ಕೆರೆಯಿತ್ತಂತೆ. ಈ ದಪ್ಪ ಹಳದಿ ಪಟ್ಟೆ ಪ್ರವಾಹ ಬಂದು ಮರಳು ಸುರಿದ ವರ್ಷ. ಈ ತೆಳುಗೆರೆಗಳು ನೀರು ಅಲುಗದೆ ನಿಂತ ವರ್ಷಗಳು; ಮಣ್ಣು ಧೂಳಿನಂತೆ ಮೆಲ್ಲಗೆ ಇಳಿದು ತಳ ಸೇರಿದೆ. ಆಗ ಎಲ್ಲ ಹಾಸಿಗೆಯ ಹಾಗೆ ಮಟ್ಟಸವಾಗಿತ್ತು. ಆಮೇಲೆ ನೆಲ ಮೈಮುರಿದು ಎಲ್ಲವನ್ನೂ ಓರೆ ಮಾಡಿತು. ಪಕ್ಕದ ಮನೆಯವರ ಹಳೆಯ ಜಗಳ ಹೇಳುವವಳ ಹಾಗೆ ಅವಳು ಇದನ್ನೆಲ್ಲ ರುಚಿಯಾಗಿ ಹೇಳುತ್ತಿದ್ದಳು.

"ಈ ಬೂದು ಗೆರೆ ನೋಡು. ಬೆರಳಗಲವೂ ಇಲ್ಲ. ಜೇಡಿಮಣ್ಣು. ನೀರು ತಾಗಿದರೆ ಸೋಪು. ಇದು ಗುಡ್ಡದ ಒಳಕ್ಕೆ ವಾಲಿದ್ರೆ ಕುರ್ಚಿಗೆ ಒರಗಿ ಕೂತ ಹಾಗೆ, ಏನೂ ಭಯ ಇಲ್ಲ. ಬೀದಿ ಕಡೆಗೆ ವಾಲಿದ್ರೆ ಮೇಲಿರೋದೆಲ್ಲ ಜಾರುಬಂಡೆ ಮೇಲೆ ಕೂತಂತೆ. ಅಲೆ ಎಲ್ಲಿ ತಗ್ಗೋ ಆ ಕಡೆ ವಾಲು."

"ಎಲ್ಲಿ ತಗ್ಗಿದೆ?"

"ಒಳಕ್ಕೆ," ಅಂದಳು ಅಕ್ಕ. ಕೊರೆದ ಉಳಿದೆರಡು ತೂತುಗಳ ಗೋಡೆ ಕುಸಿದು ಚಿತ್ರ ಕಲಸಿಹೋಗಿತ್ತಂತೆ. ಆದರೆ ಇದೊಂದು ಕನ್ನಡಿಯಂತಿದೆ, ಇದೊಂದೇ ಸಾಕು ಅಂದಳು. "ಬಾಡಿಗೆ ಮನೆ ವಾಸ ಸಾಕು ಮಾಡು ಇನ್ನು. ಅಲ್ಲಿ ಮನೆ ತಗೋ. ನಿಶ್ಚಿಂತೆಯಾಗಿ ಮಲಕ್ಕೋ. ಮಾಳಿಗೆ ಕೋಣೆ ನನಗಿರಲಿ."

ಅವನು ತಗೊಂಡ. ಅವನನ್ನು ನೋಡಿ ಬಡಗಿ ತಗೊಂಡ, ಬಡಗಿಯನ್ನು ನೋಡಿ ಸ್ಕೂಲಿನ ಟೀಚರಮ್ಮ. ವರ್ಷ ಎರಡು ಕಳೆಯುವಷ್ಟರಲ್ಲಿ ಗುಡ್ಡದ ಮೈತುಂಬ ಮನೆಗಳೆದ್ದವು. ಯಾರಾದರೂ ಅನುಮಾನಪಟ್ಟರೆ "ಪದರದಕ್ಕ ಹೇಳಿದಾಳೆ" ಅಂದರೆ ಸಾಕಿತ್ತು. ಅವಳ ಮಾತು ಆ ಬೀದಿಗೆ ಕಲ್ಲಿನ ಮೇಲೆ ಕೊರೆದ ಗೆರೆ.

*

ಬಡಗಿ ಪೆಟ್ಟಿಗೆ ಹೊತ್ತು ತಂದ. ವಯಸ್ಸಿನಲ್ಲಿ ದರ್ಜಿಗಿಂತ ದೊಡ್ಡವನು, ಬಾಯಿ ಇನ್ನೂ ದೊಡ್ಡದು. ಅವತ್ತು ಮಾತ್ರ ಅವನ ಕಣ್ಣು ಊದಿಕೊಂಡಿತ್ತು. "ನನ್ನ ಕೈಯಾರೆ ಮಾಡಿದೀನಿ. ಗಂಟಿಲ್ಲದ ಹಲಗೆ ಹುಡುಕಿ ಹಾಕಿದೀನಿ. ಎಷ್ಟಾಯ್ತು ಅಂತ ಕೇಳಿದ್ಯೋ, ನಿನ್ನನ್ನೂ ಇದರೊಳಗೇ ಮಲಗಿಸಿಬಿಡ್ತೀನಿ."

"ಕೇಳಲ್ಲ ಅಣ್ಣ," ಅಂದ ದರ್ಜಿ.

ಅಕ್ಕನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಹೊರಡಿಸಬೇಕು ಅನ್ನುವಾಗ, ಪೆಟ್ಟಿಗೆ ಒಳಗೆ ಬಂದ ಮೇಲೆ ಯಾರೋ ಮುಚ್ಚಿದ್ದ ಮುಂಬಾಗಿಲು ಈಗ ಅರ್ಧ ತೆರೆದು ನೆಲಕ್ಕೆ ಕಚ್ಚಿಕೊಂಡು ನಿಂತುಬಿಟ್ಟಿತು. ಒದ್ದರೂ ಇಲ್ಲ, ಎತ್ತಿದರೂ ಇಲ್ಲ. ಆ ಸಂದಿಯಲ್ಲಿ ಮನುಷ್ಯರು ಓರೆಯಾಗಿ ನುಸುಳಬಹುದು, ಪೆಟ್ಟಿಗೆ ನುಸುಳುವುದಿಲ್ಲ.

"ನೋಡ್ರಪ್ಪ, ದರ್ಜಿ ಮನೆ ಬಾಗಿಲೇ ಬಿಗಿ!" ಅಂದ ಬಡಗಿ. ಒಬ್ಬಿಬ್ಬರು ನಗು ನುಂಗಿಕೊಂಡರು. "ಮರ ಉಬ್ಬಿದೆ. ಈ ಬೀದೀಲಿ ಎಲ್ಲರ ಮನೇಲೂ ಇದೇ ಗೋಳು. ನನಗಂತೂ ಬಾಗಿಲು ಹೆರೆಯೋದೇ ಕಸುಬಾಗಿದೆ."

"ಮಳೆ ನಿಂತು ಎಷ್ಟೋ ತಿಂಗಳಾಯ್ತಲ್ಲ, ಈಗ ಎಲ್ಲಿ ಉಬ್ಬುತ್ತೆ?" ಅಂದರು ಟೀಚರಮ್ಮ, ಮಕ್ಕಳ ಉತ್ತರ ತಿದ್ದುವ ದನಿಯಲ್ಲಿ.

"ಮರಕ್ಕೇನು ಗೊತ್ತು ಟೀಚರಮ್ಮ ತಿಂಗಳ ಲೆಕ್ಕ? ಮುಚ್ಚೋಕೆ ಬಾರದವರು ನೆಲ ಡೊಂಕು ಅಂದರಂತೆ, ಹಾಗಾಯ್ತು."

ದರ್ಜಿಯ ಬಾಯಿಗೆ ಮಾತು ಬಂದಿತ್ತು. ಹೆಂಡತಿ ದುರುಗುಟ್ಟಿ ನೋಡಿದಳು. ಅವನು ಮೊಳೆ ಕೀಳುವ ಬಡಗಿಗೆ ಬಾಗಿಲು ಹಿಡಿದುಕೊಂಡ. ಕೀಲು ಬಿಚ್ಚಿ ಬಾಗಿಲನ್ನೇ ತೆಗೆದು ಗೋಡೆಗೆ ಒರಗಿಸಿದ ಮೇಲೆ ಅಕ್ಕ ಮನೆಯಿಂದ ಹೊರಬಿದ್ದಳು.

ಬೀದಿ ಇಳಿಜಾರು. ಹೆಗಲು ಕೊಟ್ಟವರು ಹಿಂದಕ್ಕೆ ವಾಲಿಕೊಂಡು ಹೆಜ್ಜೆ ಇಡಬೇಕಾಯಿತು. ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು. ಒಬ್ಬೊಬ್ಬರಾಗಿ ಮನೆ ಬಿಟ್ಟು ಹಿಂದೆ ಸೇರಿಕೊಂಡರು. ಬೀದಿಯ ತಿರುವಿನಲ್ಲಿ ಗುಡ್ಡಕ್ಕೆ ಕಟ್ಟಿದ ತಡೆಗೋಡೆಯೊಂದಿತ್ತು. ಕಳೆದ ವರ್ಷದಿಂದ ಅದರ ನಡುಭಾಗ ಮುಂದಕ್ಕೆ ಉಬ್ಬಿತ್ತು. ಬೀದಿಯವರು ಅದಕ್ಕೆ ಬಸುರಿ ಗೋಡೆ ಅಂತಲೇ ಹೆಸರಿಟ್ಟಿದ್ದರು. ದಿನ ತುಂಬಿದವಾ, ಹೆರಿಗೆ ಯಾವಾಗ ಅಂತ ಹುಡುಗರು ಕೈ ಸವರಿ ತಮಾಷೆ ಮಾಡುತ್ತಿದ್ದರು. ಪೆಟ್ಟಿಗೆ ಹೊತ್ತವರು ಅಲ್ಲೇ ಹೆಗಲು ಬದಲಾಯಿಸಲು ನಿಂತರು. ಗೋಡೆಯ ಸಂದಿಯಿಂದ ಒಸರಿದ ನೀರು ಚರಂಡಿಗೆ ಬೂದುಬಣ್ಣದಲ್ಲಿ ಇಳಿಯುತ್ತಿತ್ತು. ದರ್ಜಿ ಅದನ್ನು ನೋಡಿದ. ಬೇರೆ ಯಾರೂ ನೋಡಲಿಲ್ಲ.

"ಅವಳು ಹೇಳಿದ್ದಕ್ಕೇ ಕಣಪ್ಪ ನಾನು ಇಲ್ಲಿಗೆ ಬಂದದ್ದು," ಅಂದರು ಟೀಚರಮ್ಮ, ಪಕ್ಕದಲ್ಲಿ ನಡೆಯುತ್ತ. "ನಮ್ಮಮ್ಮ ಈ ಬೀದೀಲೇ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ಲು. ನಿಮ್ಮಕ್ಕನ ಋಣ ನಮ್ಮ ಮೇಲಿದೆ."

*

ಹಿಂದಿನ ವರ್ಷ ಬೀದಿಗೆ ಹೊಸ ನಲ್ಲಿ ಹಾಕುವವರು ಬಂದಿದ್ದರು. ಪ್ಲಾಸ್ಟಿಕ್ಕಿನ ಕೊಳವೆ ಹೂಳಲು ಹಳೆಯದನ್ನು ಅಗೆದು ತೆಗೆಯುತ್ತಿದ್ದರು. ಅಕ್ಕ ಆಗ ಕೆಲಸದಿಂದ ನಿವೃತ್ತಳಾಗಿದ್ದಳು, ಹೊಟ್ಟೆನೋವು ಆಗತಾನೆ ಶುರುವಾಗಿತ್ತು. ಹಾಲು ತರಲು ಹೋದವಳು ಆ ಗುಂಡಿಯ ಹತ್ತಿರ ನಿಂತುಬಿಟ್ಟಳು.

ನಾಲ್ಕು ಜನ ಸೇರಿ ಹಗ್ಗ ಹಾಕಿ ಎಳೆಯುತ್ತಿದ್ದದ್ದು ಕಬ್ಬಿಣದ ಕೊಳವೆ, ತೊಡೆಯಷ್ಟು ದಪ್ಪ. ಅದು ಎದ್ದ ಜಾಗಕ್ಕೂ, ಎಂದೋ ಕ್ಯಾಮೆರಾ ಇಳಿಸಿ ಆಮೇಲೆ ಸಿಮೆಂಟು ಸುರಿದು ಮುಚ್ಚಿದ್ದ ಅವಳ ತೂತಿಗೂ ನಡುವೆ ಒಂದು ಹೆಜ್ಜೆಯ ಅಂತರವಿತ್ತು.

"ಇದು ಯಾವಾಗಿಂದ ಇಲ್ಲಿದೆ?" ಅಂತ ಕೇಳಿದಳು.

"ನಮ್ಮಜ್ಜನ ಕಾಲದ್ದಮ್ಮ. ಗುಡ್ಡದ ಮೇಲೆ ಹಳೇ ಟ್ಯಾಂಕಿತ್ತಲ್ಲ, ಅದರದು. ಯಾವ ನಕ್ಷೇಲೂ ಇಲ್ಲ ನೋಡಿ!" ಅಂದ ಅಗೆಯುವವನು.

ಅಕ್ಕ ಹಾಲು ತರಲಿಲ್ಲ. ಮೆಟ್ಟಿಲ ಮೇಲೆ ಕೂತಳು. ದರ್ಜಿ ಅಂಗಡಿಯ ಕಿಟಕಿಯಿಂದ ನೋಡಿ, ತಲೆಸುತ್ತು ಬಂತೇನೋ ಅಂತ ನೀರು ಹಿಡಿದು ಓಡಿದ. "ನೀರು ಬೇಡ ಕಣೋ," ಅಂದಳು.

ಕಚೇರಿಗೆ ಹೋದಳು. ಹಳೆಯ ಚಿತ್ರ ತೆಗೆಸಿದಳು. ಕ್ಯಾಮೆರಾದ ಜೊತೆ ಒಂದು ಪುಟ್ಟ ದಿಕ್ಸೂಚಿ ಇರುತ್ತದೆ. ಉತ್ತರ ಯಾವ ಕಡೆ ಅಂತ ಅದು ಹೇಳಿದರೆ ಅಲ್ಲಿ ಚಿತ್ರವನ್ನು ಸೀಳುತ್ತಾರೆ. ಪಕ್ಕದಲ್ಲಿ ಅಷ್ಟು ಕಬ್ಬಿಣ ಹೂತಿದ್ದರೆ ದಿಕ್ಸೂಚಿಗೆ ಉತ್ತರದ ಗೊಡವೆ ಯಾಕೆ? ಅದು ಕಬ್ಬಿಣದ ಕಡೆ ತಿರುಗಿತ್ತು. ಚಿತ್ರದಲ್ಲಿ ಒಂದು ಗೆರೆಯೂ ಸುಳ್ಳಿರಲಿಲ್ಲ. ಸೀಳಿದ ಜಾಗ ಮಾತ್ರ ತಪ್ಪಿತ್ತು. ಅದನ್ನು ಸರಿಪಡಿಸಿ ತಿರುಗಿಸಿದಾಗ ಅಲೆಯ ತಗ್ಗು ಮೆಲ್ಲಗೆ ಸರಿದು ಬೀದಿಯ ಕಡೆಗೆ ಬಂದು ನಿಂತಿತು.

ಇನ್ನೊಂದು ತೂತು ಕೊರೆಸಿ ಅಂತ ಕೇಳಿಕೊಂಡಳು. ಮೇಲಿನವರು ನಯವಾಗಿಯೇ ಮಾತಾಡಿದರು. ಮುಗಿದುಹೋದ ಕೆಲಸ, ನೀವೇ ಸಹಿ ಮಾಡಿದ ವರದಿ, ಈಗ ಅಲ್ಲಿ ಕೊರೆಯೋ ಯಂತ್ರ ಹತ್ತಿಸೋಕೂ ಜಾಗ ಇಲ್ಲ, ಎಲ್ಲ ಮನೆ. ಆರೋಗ್ಯ ನೋಡಿಕೊಳ್ಳಿ ಅಂತ ಹೇಳಿ ಕಳಿಸಿದರು. ಮತ್ತೆ ಹೋದಳು, ಮತ್ತೆ ಕಳಿಸಿದರು. ಮೂರನೇ ಸಲ ಹೋಗಲು ಅವಳಲ್ಲಿ ಶಕ್ತಿಯಿರಲಿಲ್ಲ.

*

ಸ್ಮಶಾನ ಸೇತುವೆಯಾಚೆ, ಬಯಲಿನಲ್ಲಿ. ಗುಂಡಿ ಇನ್ನೂ ಆಳವಾಗಬೇಕು ಅಂದರು, ಜನ ಮರದ ನೆರಳಿಗೆ ಚದುರಿದರು. ಕೇಬಲ್ಲಣ್ಣ ಒಬ್ಬನೇ ದೂರದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅಕ್ಕನ ಕಚೇರಿಯಿಂದ ಬಂದವನು ಅವನೊಬ್ಬನೇ. ತೂತಿನೊಳಗೆ ಕ್ಯಾಮೆರಾ ಇಳಿಸಿ ಮೇಲೆತ್ತುವ ಕೆಲಸದವನು. ಅವನು ಇಳಿಸಿದ್ದನ್ನು ಇವಳು ಓದುತ್ತಿದ್ದಳು, ಮುಕ್ಕಾಲು ಆಯುಷ್ಯ ಹೀಗೇ.

"ಎಂಥಾ ಹೆಂಗಸು ಕಣಣ್ಣ!" ಅಂದ, ದರ್ಜಿಯ ಕೈ ಹಿಡಿದುಕೊಂಡು. "ನಾನು ಕ್ಯಾಮೆರಾನ ಒಂಚೂರು ಜೋರಾಗಿ ಇಳಿಸಿದರೆ ಚಿತ್ರ ನೋಡಿಯೇ ಬೈಯೋರು. ಇವತ್ತು ಹೆಂಡ್ತಿ ಜೊತೆ ಜಗಳ ಆಡಿ ಬಂದೆಯೇನಯ್ಯಾ, ನನ್ನ ಮರಳೆಲ್ಲ ಸೊಟ್ಟಗಾಗಿದೆ ಅಂತ." ನಗಲು ಹೋಗಿ ಬಿಕ್ಕಿದ.

"ಅಣ್ಣಾ, ಪೈಪಿನ ವಿಷಯ ನಿಮಗೂ ಹೇಳಿದ್ಲಾ?"

ಕೇಬಲ್ಲಣ್ಣ ಕೈ ಬಿಟ್ಟ. "ಫೋನ್ ಮಾಡಿದ್ರು."

"ಇವತ್ತು ಎಲ್ಲರಿಗೂ ಹೇಳ್ತೀನಿ. ನನ್ನ ಮಾತು ಯಾರೂ ಕೇಳಲ್ಲ, ನಾನು ಬಟ್ಟೆ ಹೊಲಿಯೋನು. ನೀವೊಂದು ಮಾತು ಹೌದು ಅಂದ್ರೆ ಸಾಕು."

"ಅಕ್ಕಪಕ್ಕ ಕಬ್ಬಿಣ ಇದೆಯಾ ಅಂತ ಮೊದಲು ನೆಲ ಪರೀಕ್ಷೆ ಮಾಡಬೇಕಾದೋನು ಯಾರು ಗೊತ್ತಾ? ನಾನು," ಅಂದ ಅವನು. "ಆವತ್ತು ಕಬ್ಬಿಣ ಪತ್ತೆ ಮಾಡೋ ಯಂತ್ರ ಕೆಟ್ಟಿತ್ತು. ಬರಿಗುಡ್ಡ, ಇಲ್ಲೇನಿರುತ್ತೆ ಅಂತ ಇಳಿಸಿಬಿಟ್ಟೆ. ಇನ್ನೊಂದೆರಡು ವರ್ಷ ಇದೆ ನನ್ನ ನೌಕರಿ."

"ಅಲ್ಲಿ ಮನೆ ತುಂಬ ಜನ ಇದಾರಣ್ಣ."

"ನೋಡೋಣ," ಅಂದ ಕೇಬಲ್ಲಣ್ಣ. ನೋಡೋಣ ಅಂದವರು ನೋಡಿದ್ದುಂಟೇ? ಆದರೂ ದರ್ಜಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ.

*

ಅಕ್ಕ ಆಸ್ಪತ್ರೆಯಲ್ಲಿ ಕೊನೆಯದಾಗಿ ತಿಳಿವಿನಿಂದ ಮಾತಾಡಿದ್ದು ಒಂದು ಮಧ್ಯಾಹ್ನ. ಅವನು ಕಿತ್ತಳೆ ಸುಲಿಯುತ್ತಿದ್ದ.

"ನೀನು ಕೆಲಸ ಕಲಿಯೋವಾಗ ಮೊದಲು ಹೊಲಿದದ್ದು ನನ್ನ ಅಂಗಿ, ಜ್ಞಾಪಕ ಇದೆಯಾ?"

"ಅಯ್ಯೋ, ಅದನ್ನ ಯಾಕೆ ಎತ್ತುತೀಯ ಈಗ!"

"ತೋಳು ಹಿಂದುಮುಂದಾಗಿತ್ತು. ಕೈ ಎತ್ತಿದರೆ ಅಂಗಿಯೇ ಎದ್ದು ಬರ್ತಿತ್ತು. ಕಾಲೇಜಲ್ಲಿ ವರ್ಷಪೂರ್ತಿ ಕೈ ಎತ್ತದೆ ಕೂತೆ ನಾನು. ಮೇಷ್ಟ್ರು ಈ ಹುಡುಗಿಗೆ ಏನೂ ಬರಲ್ಲ ಅಂದುಕೊಂಡ್ರು."

"ನನಗೆ ಯಾಕೆ ಹೇಳಲಿಲ್ಲ ಮತ್ತೆ?"

"ಹೇಳಿದ್ರೆ ನೀನು ಕತ್ತರಿ ಬಿಸಾಕ್ತಿದ್ದೆ." ಅವಳು ಸ್ವಲ್ಪ ಸುಧಾರಿಸಿಕೊಂಡಳು. "ನಾನೂ ಅದನ್ನೇ ಮಾಡಿದೆ ಕಣೋ. ಬಟ್ಟೆ ಸರಿ, ಕತ್ತರಿಸಿದ್ದು ಸರಿ. ತಿರುಗಿಸಿ ಹೊಲಿದುಬಿಟ್ಟೆ. ಬೀದಿಗೆ ಬೀದಿಗೇ ತೊಡಿಸಿಬಿಟ್ಟೆ."

ಅವನು ಕಿತ್ತಳೆಯ ನಾರು ಬಿಡಿಸಿದ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಆದ್ರೂ ನನ್ನ ಮಾತು ನೀನು ವಾಪಸ್ ತಗೋ. ಮನೆಮನೆಗೆ ಹೋದ್ರೆ ಒಬ್ಬೊಬ್ಬರು ಒಂದೊಂದು ಕತೆ ಕಟ್ತಾರೆ. ನನ್ನ ಮಣ್ಣಿಗೆ ಎಲ್ಲರೂ ಬರ್ತಾರೆ. ಒಟ್ಟಿಗೆ ಸಿಗ್ತಾರೆ. ಆವಾಗ ಹೇಳು. ಮಳೆಗಾಲಕ್ಕೆ ಮುಂಚೆ ಇಳಿದುಹೋಗಿ ಅಂತ ಹೇಳು."

"ಎಲ್ಲಿಗಕ್ಕಾ ಹೋಗ್ತಾರೆ?"

ಲಕ್ಷಾಂತರ ವರ್ಷಗಳ ಹಿಂದೆ ಪ್ರವಾಹ ಯಾವ ಕಡೆಯಿಂದ ಬಂತು ಅಂತ ಹೇಳಬಲ್ಲವಳು, ತಮ್ಮನ ಮುಖವನ್ನೇ ನೋಡುತ್ತ ಬಾಯಿ ತೆರೆದಳು, ಮುಚ್ಚಿದಳು. ಅವನು ಒಂದು ತೊಳೆ ಬಾಯಿಗಿಟ್ಟ.

"ಹೇಳ್ತೀನಿ ಬಿಡು," ಅಂದ.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಕೇಬಲ್ಲಣ್ಣ ಹಗ್ಗದ ಒಂದು ತುದಿ ಹಿಡಿದಿದ್ದ. ಎಷ್ಟು ಹದವಾಗಿ ಬಿಟ್ಟನೆಂದರೆ ತಳ ಮುಟ್ಟಿದ ಸದ್ದೂ ಕೇಳಲಿಲ್ಲ. ಬಡಗಿ ಎರಡು ಮಾತಾಡಿದ. ಪದರದಕ್ಕ ಇಲ್ಲದಿದ್ದರೆ ನಾವೆಲ್ಲ ಇವತ್ತೂ ಬಾಡಿಗೆ ಗೂಡುಗಳಲ್ಲಿ ಇರ್ತಿದ್ವಿ, ನಮ್ಮ ಕಾಲಡಿಗೆ ನೆಲ ಕೊಟ್ಟವಳು ಅವಳು ಅಂದ. ಹೆಂಗಸರು ಕಣ್ಣೊರೆಸಿಕೊಂಡರು. ಮಣ್ಣು ಹಾಕಲು ಎಲ್ಲರೂ ಬಗ್ಗಿದರು.

"ಒಂದು ನಿಮಿಷ," ಅಂದ ದರ್ಜಿ.

ಹೆಂಡತಿ ಅವನ ಅಂಗಿಯ ತುದಿ ಹಿಡಿದೆಳೆದಳು. ಅತ್ತ ದರಿ, ಇತ್ತ ಪುಲಿ. ಅವನು ಅಂಗಿ ಬಿಡಿಸಿಕೊಂಡ.

ಹೇಳಿದ. ಮನಸ್ಸಿನಲ್ಲಿ ಎಷ್ಟೋ ಸಲ ಹೊಲಿದಿಟ್ಟುಕೊಂಡಿದ್ದ ಮಾತು, ಹೊರಗೆ ಬರುವಾಗ ಎಳೆಎಳೆಯಾಗಿ ಬಿಚ್ಚಿಕೊಂಡು ಬಂತು. ಪೈಪು ಅಂದ, ದಿಕ್ಸೂಚಿ ಅಂದ, ತೋಳು ಅಂದ. ಗುಡ್ಡದೊಳಗಿನ ಪದರ ನಮ್ಮ ಕಡೆಗೇ ವಾಲಿದೆ, ಅಕ್ಕ ತಪ್ಪು ಓದಿದ್ಲು, ಸಾಯೋ ಮೊದಲು ತಿಳೀತು, ನಿಮಗೆಲ್ಲ ಹೇಳು ಅಂದ್ಲು. ಬಾಗಿಲು ಕಚ್ಚಿಕೊಳ್ತಿರೋದು ಮರ ಉಬ್ಬಿ ಅಲ್ಲ. ಗೋಡೆಯಿಂದ ಜೇಡಿನೀರು ಬರ್ತಿದೆ. ಮುಂದಿನ ಮಳೆಗೋ ಅದರ ಮುಂದಿನ ಮಳೆಗೋ ಬೀದಿ ಜಾರುತ್ತೆ. ಇಳಿದುಹೋಗೋಣ.

ಬಗ್ಗಿದವರು ನೆಟ್ಟಗಾದರು. ಕೈಯಲ್ಲಿ ಹಿಡಿದ ಮಣ್ಣು ಕೈಯಲ್ಲೇ ಇತ್ತು.

ಮೊದಲು ಬಡಗಿಯೇ ಬಂದು ಅವನ ಭುಜ ಹಿಡಿದ. "ಅಕ್ಕ ಸುಳ್ಳು ಹೇಳೋಳಲ್ಲ ಕಣಪ್ಪ."

"ಸುಳ್ಳಲ್ಲ ಅಣ್ಣ, ತಪ್ಪು."

"ತಪ್ಪು ಮಾಡ್ತಿದ್ದೋಳೂ ಅಲ್ಲ. ನನಗೆ ಗೊತ್ತಿಲ್ವಾ?"

"ಅವಳೇ ಹೇಳಿದ್ಲು, ನನ್ನ ಕೈಲಿ..."

"ಆ ಔಷಧಿ ಅಂಥದ್ದು," ಅಂದರು ಟೀಚರಮ್ಮ ಮೃದುವಾಗಿ. "ನಮ್ಮಮ್ಮನೂ ಕೊನೇಲಿ ಗೋಡೆ ಮೇಲೆ ಮೇಕೆ ಹತ್ತಿದೆ ಅಂತಿದ್ಲು. ಆರೋಗ್ಯವಾಗಿದ್ದಾಗ ಓದಿ ಹೇಳಿದ ಮಾತು ಬಿಟ್ಟು ಜ್ವರದಲ್ಲಿ ಹೇಳಿದ್ದನ್ನ ನಂಬೋಕಾಗುತ್ತಾ?"

ದರ್ಜಿ ಕೇಬಲ್ಲಣ್ಣನ ಕಡೆ ತಿರುಗಿದ. "ಇವರನ್ನ ಕೇಳಿ. ಕ್ಯಾಮೆರಾ ಇಳಿಸಿದವರು ಇವರೇ. ಹೇಳಿ ಅಣ್ಣಾ."

ಎಲ್ಲರೂ ತಿರುಗಿದರು. ಕೇಬಲ್ಲಣ್ಣ ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ, ಕೆಲಸ ಮುಗಿದ ಮೇಲೆ ಸುತ್ತುವ ಅಭ್ಯಾಸದಲ್ಲಿ. ಅದು ಅವನ ಹಗ್ಗವಲ್ಲ ಅಂತ ಆಗ ಹೊಳೆದಿರಬೇಕು, ಕೆಳಗಿಟ್ಟ.

"ನಾನು ಇಳಿಸೋನಪ್ಪ," ಅಂದ, ಯಾರ ಮುಖವನ್ನೂ ನೋಡದೆ. "ಓದೋನಲ್ಲ. ಓದ್ತಿದ್ದೋರು ಅವರು."

ಬೆರಳು ಗುಂಡಿಯ ಕಡೆ ತೋರಿಸಿತು. ಅಲ್ಲಿಗೆ ಮುಗಿಯಿತು. ಬೈದಿದ್ದರೆ, ಜಗಳ ಮಾಡಿದ್ದರೆ ದರ್ಜಿ ತಡೆದುಕೊಳ್ಳುತ್ತಿದ್ದನೇನೋ. ಯಾರೂ ಬೈಯಲಿಲ್ಲ. ಪಾಪ, ತಾಯಿ ಥರ ಸಾಕಿದ ಅಕ್ಕ, ತಲೆ ಕೆಟ್ಟಿದೆ, ನಾಲ್ಕು ದಿನ ಹೋದರೆ ಸರಿಹೋಗ್ತಾನೆ ಅಂದರು. ಒಬ್ಬರು ನೀರು ಕುಡಿಸಿದರು. ಇನ್ನೊಬ್ಬರು ಅವನ ಮುಷ್ಟಿ ಬಿಡಿಸಿ ಮಣ್ಣು ತುಂಬಿದರು. ಅವನ ಕೈ ಹಿಡಿದುಕೊಂಡೇ ಗುಂಡಿಗೆ ಹಾಕಿಸಿದರು. ಬೂದುಬಣ್ಣದ ಅಂಗಿಯ ಮೇಲೆ ಹೆಗಲಿಗೆ ತೋಳು ಕೂಡಿಸಿ ಹಾಕಿದ ಹೊಲಿಗೆ ಯಾರಿಗೂ ಕಾಣದಂತೆ ಪೆಟ್ಟಿಗೆಯೊಳಗಿತ್ತು. ಅದೊಂದು ಮಾತ್ರ ಆ ದಿನ ಅವನು ಸರಿಯಾಗಿ ಮಾಡಿದ ಕೆಲಸ.

ಜನ ಚದುರುವಾಗ ಬೇಕರಿಯವನು ಯಾರಿಗೂ ಹೇಳದೆ ಹೊರಟುಹೋದ.

*

ಮನೆಗೆ ಬಂದಾಗ ಬಾಗಿಲು ಹಾಗೇ ಗೋಡೆಗೆ ಒರಗಿತ್ತು. ಬೀದಿಯ ಗಾಳಿ ನೇರ ಒಳಗೆ ಬಂದು ಕತ್ತರಿಸಿಟ್ಟ ಬಟ್ಟೆಗಳನ್ನು ನೆಲಕ್ಕೆ ಕೆಡವಿತ್ತು. ಹೆಂಡತಿ ಒಂದೊಂದಾಗಿ ಹೆಕ್ಕಿದಳು.

"ಬೇಕರಿಯವನು ಫೋನ್ ಮಾಡಿದ್ದ," ಅಂದಳು. "ಬೇಡವಂತೆ."

ಅವನು ಹೊಲಿಗೆ ಯಂತ್ರದ ಮುಂದೆ ಕೂತ.

"ಇಷ್ಟು ಜನರಲ್ಲಿ ನಿಮ್ಮ ಮಾತು ನಂಬಿದೋನು ಅವನೊಬ್ಬನೇ ನೋಡಿ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇನ್ನು ಯಾರು ಬರ್ತಾರೆ? ಇದ್ದಬದ್ದದ್ದೆಲ್ಲ ಈ ಗೋಡೆಗಳಿಗೇ ಸುರಿದಿದೀವಿ. ಅಂಗಡಿ ಇಲ್ಲೇ, ಗಿರಾಕಿ ಇಲ್ಲೇ. ಬೀದಿಯವರಿಗೆ ನಂಬಿಕೆ ಇಲ್ಲ, ನಮಗೆ ದಾರಿ ಇಲ್ಲ. ಹೇಳಿದಿರಲ್ಲ, ಮನಸ್ಸು ಹಗುರ ಆಯ್ತಾ?"

"ಇಲ್ಲ," ಅಂದ ಅವನು. "ಮಗಳಿಗೆ ಬರಬೇಡ ಅಂತ ಹೇಳು."

"ಏನಂತ ಹೇಳಲಿ? ತವರುಮನೆ ಬೇಡ ಅಂತಲಾ?"

ಹೊರಗೆ ಕೆಮ್ಮು ಕೇಳಿಸಿತು. ಬಡಗಿ ಉಜ್ಜುಗೊರಡು ಹಿಡಿದು ನಿಂತಿದ್ದ. "ಬಾಗಿಲಿಲ್ಲದ ಮನೇಲಿ ಮಲಗ್ತೀಯೇನೋ? ನಿನಗಂತೂ ಈ ಹೊತ್ತು ಬುದ್ಧಿ ನೆಟ್ಟಗಿಲ್ಲ, ನಾನಾದ್ರೂ ನೋಡಬೇಕಲ್ಲ," ಅಂತ ಗದರಿದ. ಆ ಗದರಿಕೆಯಲ್ಲಿ ಪ್ರೀತಿಯಿತ್ತು, ಅದೇ ಸಹಿಸಲಾಗದ್ದು. ಬಾಗಿಲನ್ನು ಅಡ್ಡ ಮಲಗಿಸಿ, ಚೌಕಟ್ಟಿಗೆ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದ. ಗೆರೆ ಒಂದು ತುದಿಯಲ್ಲಿ ಅಂಚಿಗೇ ಇತ್ತು, ಇನ್ನೊಂದು ತುದಿಯಲ್ಲಿ ಎರಡು ಬೆರಳು ಒಳಗೆ. ಅಷ್ಟು ಓರೆ ಕಂಡು ಒಂದು ಗಳಿಗೆ ಅವನ ಕೈ ನಿಂತಿತು. ದರ್ಜಿ ಅವನನ್ನೇ ನೋಡಿದ.

"ಥೂ, ಅಗ್ಗದ ಮರ," ಅಂದ ಬಡಗಿ. ಹೆರೆಯಲು ಶುರುಮಾಡಿದ.

ಸಿಪ್ಪೆ ಸುರುಳಿಸುರುಳಿಯಾಗಿ ಬಿತ್ತು. ನಡುವೆ ಮೇಲಿನ ಮನೆಯಿಂದ ಯಾರೋ, ಅಣ್ಣಾ, ಹಾಗೇ ನಮ್ಮ ಅಡುಗೆಮನೆ ಬಾಗಿಲೂ ಒಂಚೂರು ನೋಡಿಬಿಡು ಅಂತ ಕೂಗಿದರು. ಬಂದೆ ಬಂದೆ ಅಂದ. ಕೀಲು ಸೇರಿಸಿ ಬಾಗಿಲು ನಿಲ್ಲಿಸಿದ. ಡೊಂಕು ಚೌಕಟ್ಟಿಗೆ ಡೊಂಕು ಬಾಗಿಲು ಕೂದಲೆಳೆಯ ಸಂದಿಯೂ ಇಲ್ಲದೆ ಕೂತಿತು.

"ಹೆಂಗೆ?" ಅಂದ ಬಡಗಿ. ಬಾಗಿಲನ್ನು ಒಳಕ್ಕೆ ಪೂರ್ತಿ ತೆರೆದು ಕೈ ಬಿಟ್ಟ. ಅದು ಯಾರೂ ಮುಟ್ಟದೆಯೇ ಅಲುಗಿ, ಮೆಲ್ಲಗೆ ಬೀದಿಯ ಕಡೆಗೆ ನಡೆದು ಹೋಗಿ ಟಪ್ಪೆಂದು ಮುಚ್ಚಿಕೊಂಡಿತು. ಅವನಿಗೆ ಖುಷಿಯೋ ಖುಷಿ. "ನೋಡಮ್ಮಾ, ತಾನೇ ಮುಚ್ಚಿಕೊಳ್ಳುತ್ತೆ! ಇನ್ನು ಎದ್ದು ಹೋಗಿ ಹಾಕೋ ಕೆಲಸವೂ ಇಲ್ಲ." ಬಾಗಿಲು ತೆರೆದುಕೊಂಡು ಹೊರಗೆ ಹೋದ. ಬಾಗಿಲು ಅವನ ಹಿಂದೆಯೇ ಹೋಗಿ ಮುಚ್ಚಿತು.

ಹೆಂಡತಿ ಸಿಪ್ಪೆ ಗುಡಿಸುತ್ತಿದ್ದವಳು ಪೊರಕೆ ಹಿಡಿದು ನಿಂತಳು. ದರ್ಜಿ ಎದ್ದು ಹೋಗಿ ಬಾಗಿಲನ್ನು ಗೋಡೆಯವರೆಗೆ ತೆರೆದ, ಬಿಟ್ಟ. ಅದು ಬೀದಿಯ ಕಡೆಗೆ ನಡೆಯಿತು. ಮತ್ತೆ ತೆರೆದ, ಬಿಟ್ಟ. ಮೇಲಿನ ಮನೆಯಲ್ಲಿ ಉಜ್ಜುಗೊರಡಿನ ಸದ್ದು ಆಗಲೇ ಶುರುವಾಗಿತ್ತು. ಅವನು ಇನ್ನೊಂದು ಸಲ ತೆರೆದು, ಈ ಸಲ ಕೈ ಬಿಡದೆ, ಹಿಡಿದುಕೊಂಡೇ ನಿಂತ.